1*1*100 ಹೇಗೆ 11100 ಆಯಿತು

ಮಳೆ ಹಿಡಿಯುವ ಮೊದಲು ಒಂದು ಸುತ್ತು ಕೊಳೆ ಔಷಧಿ ಹೊಡೆಯದಿದ್ದರೆ ಮಲೆನಾಡಿನಲ್ಲಿ ಆ ವರ್ಷದ ಅಡಿಕೆಯ ಆಸೆ ಬಿಡಬೇಕಾಗುತ್ತದೆ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಸಾಗರದ ಹತ್ತಿರವಿರುವ ನಮ್ಮ ತೋಟದ ಕೂಲಿ ಲೆಕ್ಕ, ಅಡಿಕೆ ದರ, ಔಷಧಿಯ ಪ್ರಮಾಣ ಎಲ್ಲವನ್ನೂ ನಾನು ಸರಳ ಪಠ್ಯದ ಫೈಲುಗಳಲ್ಲಿ ಬರೆದಿಡುತ್ತೇನೆ. ನಾನೇ ಬರೆದ ಒಂದು ಚಿಕ್ಕ ಪ್ರೋಗ್ರಾಮು ಅವನ್ನು ಓದಿ, ಶೀರ್ಷಿಕೆ, ಪಟ್ಟಿ, ದಪ್ಪ ಅಕ್ಷರ ಎಲ್ಲ ಸೇರಿಸಿ ಮನೆಯವರು ಫೋನಿನಲ್ಲಿ ನೋಡುವಂಥ ಪುಟ ಮಾಡಿಕೊಡುತ್ತದೆ. ಒಂದು ದಿನ ಆ ಫೈಲಿನಲ್ಲಿ ಹೀಗೆ ಬರೆದಿದ್ದೆ:

    ಕೊಳೆ ಔಷಧಿ: 1*1*100

ಅಪ್ಪಯ್ಯ ಫೋನು ತಂದು ನನ್ನ ಮುಖದ ಮುಂದೆ ಹಿಡಿದರು. "ಎಂತ ಮಾರಾಯ ಇದು, ಹನ್ನೊಂದು ಸಾವಿರದ ನೂರು?"

ಪರದೆಯ ಮೇಲೆ ನಿಜಕ್ಕೂ 11100 ಎಂದೇ ಇತ್ತು. ಕಣ್ಣಿಟ್ಟು ನೋಡಿದರೆ ಎರಡನೆಯ ಒಂದು ಸ್ವಲ್ಪ ಓರೆಯಾಗಿತ್ತು. ನಾನು ಗುಣಾಕಾರದ ಗುರುತಿನಂತೆ ಹಾಕಿದ್ದ ಎರಡು ನಕ್ಷತ್ರಗಳನ್ನು ಪ್ರೋಗ್ರಾಮು "ಇವುಗಳ ನಡುವೆ ಇರುವುದನ್ನು ಓರೆ ಅಕ್ಷರದಲ್ಲಿ ತೋರಿಸು" ಎಂಬ ಸೂಚನೆ ಎಂದು ಓದಿ, ಕೆಲಸ ಮುಗಿಸಿ, ನಕ್ಷತ್ರಗಳನ್ನು ಅಳಿಸಿಬಿಟ್ಟಿತ್ತು. ಪ್ರೋಗ್ರಾಮು ನಿಯಮ ತಪ್ಪಿರಲಿಲ್ಲ, ಅದರ ಪ್ರಕಾರವೇ ನಡೆದಿತ್ತು. ಔಷಧಿಯ ಪ್ರಮಾಣ ಇಂಥ ತಪ್ಪಿಗೆ ಸಿಗಬಾರದು ಅನ್ನಿಸಿ, ಆ ನಿಯಮ ಎಲ್ಲಿಂದ ಬಂತು, ಏಕೆ ಹಾಗಿದೆ ಎಂದು ಬೆನ್ನು ಹತ್ತಿದೆ. ಕನ್ನಡದಲ್ಲಿ ಬರೆಯುವವರಿಗೆ ಇದರಲ್ಲಿ ಬೇರೆಯದೇ ಒಂದು ಸಂಗತಿ ಇದೆ ಎಂದು ಗೊತ್ತಾದದ್ದು ಆಮೇಲೆ.

ಪಾರ್ಸರ್ ಎಂದರೆ ಸಾಲುಸಾಲಾಗಿ ಬಂದ ಅಕ್ಷರಗಳನ್ನು ಓದಿ, ಯಾವುದು ಯಾವುದರ ಒಳಗಿದೆ ಎಂದು ಬಿಡಿಸಿ ಹೇಳುವ ಪ್ರೋಗ್ರಾಮು. ಅದಕ್ಕೆ ಎದುರಾಗುವ ದ್ವಂದ್ವ ಎರಡು ಬಗೆಯದು. ಎರಡೂ ನಮ್ಮ ಮಾತಿನಲ್ಲೇ ಇವೆ.

ಮೊದಲನೆಯದು, ಒಂದೇ ಗುರುತಿಗೆ ಹಲವು ಅರ್ಥ. ಶಿವಮೊಗ್ಗದ ಅಡಿಕೆ ಮಾರುಕಟ್ಟೆಯಲ್ಲಿ "ರಾಶಿ" ಎಂದರೆ ಬೆಟ್ಟೆ, ಸರಕು, ಗೊರಬಲು ಇದ್ದಂತೆ ಅಡಿಕೆಯ ಒಂದು ತರಗತಿ. ಕಣದಲ್ಲಿ ರಾಶಿ ಎಂದರೆ ಗುಡ್ಡೆ. ಪಂಚಾಂಗದಲ್ಲಿ ಮೇಷ, ವೃಷಭ. ಸಾಗರದ ಕಡೆಯ ಹವ್ಯಕರ ಮನೆಮಾತಿನಲ್ಲಿ "ರಾಶಿ" ಅಂದರೆ ತುಂಬ. ನಮಗೆ ಗೊಂದಲವಾಗುವುದಿಲ್ಲ, ಏಕೆಂದರೆ ಅಕ್ಕಪಕ್ಕದ ಮಾತು ನೋಡುತ್ತೇವೆ: "ರಾಶಿ ಕ್ವಿಂಟಲಿಗೆ ಎಷ್ಟು" ಎಂದರೆ ಒಂದು, "ರಾಶಿ ನಕ್ಷತ್ರ ಯಾವುದು" ಎಂದರೆ ಇನ್ನೊಂದು.

ಎರಡನೆಯದು, ಮಾತುಗಳೆಲ್ಲ ಸ್ಪಷ್ಟವಾಗಿದ್ದರೂ ಅವು ಕೂಡಿಕೊಳ್ಳುವ ಬಗೆ ಸ್ಪಷ್ಟವಿಲ್ಲದಿರುವುದು. "ಹಳೇ ಅಡಿಕೆ ವ್ಯಾಪಾರಿ" ಎಂದರೆ ಹಳೇ ಅಡಿಕೆಯನ್ನು ಕೊಳ್ಳುವ ವ್ಯಾಪಾರಿಯೋ, ಬಹಳ ಕಾಲದಿಂದ ಅಡಿಕೆ ವ್ಯಾಪಾರ ಮಾಡುತ್ತಿರುವವರೋ? ಇಲ್ಲಿ ಪಕ್ಕದ ಮಾತು ಸಾಲದು. ಯಾವುದು ಯಾವುದಕ್ಕೆ ಸೇರುತ್ತದೆ ಎಂದು ಮೊದಲೇ ಒಂದು ಒಪ್ಪಂದ ಬೇಕು.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ಕಷ್ಟ ಇಷ್ಟಿಲ್ಲ. ಅಲ್ಲಿ ಅರ್ಥವಾಗದ ಸಾಲು ಸಿಕ್ಕರೆ ಕಂಪೈಲರ್ (ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಅನುವಾದಿಸುವ ಪ್ರೋಗ್ರಾಮು) "ತಪ್ಪು, ತಿದ್ದಿ ತಾ" ಎಂದು ವಾಪಸು ಕಳಿಸಬಹುದು. ಮಾರ್ಕ್‌ಡೌನ್‌ನಂಥ ಸರಳ ಪಠ್ಯದ ಗುರುತು ಪದ್ಧತಿಯಲ್ಲಿ (ನನ್ನ ಪ್ರೋಗ್ರಾಮು ಓದುವುದೂ ಇದನ್ನೇ) ತಪ್ಪು ಸಾಲು ಎಂಬುದೇ ಇಲ್ಲ. ಯಾರು ಏನು ಟೈಪ್ ಮಾಡಿದರೂ ಪುಟ ಬರಲೇಬೇಕು. ಆದ್ದರಿಂದ ನಿಯಮ ಬರೆಯುವವರು ಸರಿಯಾದ ಸಾಲುಗಳಿಗೆ ಮಾತ್ರವಲ್ಲ, ಟೈಪಾಗಬಹುದಾದ ಪ್ರತಿಯೊಂದು ಸಾಲಿಗೂ ಒಂದು ಉತ್ತರ ಕೊಡಬೇಕು.

ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಹೊರತಂದಾಗ ಹಾಗೆ ಕೊಟ್ಟಿರಲಿಲ್ಲ. ಗ್ರೂಬರ್ ಅವರಿಗೆ ಆರನ್ ಸ್ವಾರ್ಟ್ಜ್ ನೆರವಾಗಿದ್ದರು. ಜೊತೆಗೆ ಬಂದದ್ದು ಪರ್ಲ್ ಭಾಷೆಯ ಒಂದು ಪ್ರೋಗ್ರಾಮು ಮತ್ತು ಬಳಸುವವರಿಗೆ ಅರ್ಥವಾಗುವಂಥ ವಿವರಣೆ. ಇಮೇಲ್ ಬರೆಯುವವರು ಮೊದಲಿಂದಲೂ ಹಾಕುತ್ತಿದ್ದ ಗುರುತುಗಳನ್ನೇ ಅವರು ಆರಿಸಿಕೊಂಡಿದ್ದರು. ಪದ್ಧತಿ ಹಬ್ಬಿದ್ದು ಆ ಸಲೀಸಿನಿಂದಲೇ. ಆದರೆ ವಿವರಣೆ ಮಾತನಾಡದ ಕಡೆಗಳಲ್ಲಿ ಒಬ್ಬೊಬ್ಬ ಪಾರ್ಸರ್ ಬರೆದವರು ಒಂದೊಂದು ತೀರ್ಮಾನ ತೆಗೆದುಕೊಂಡರು. ಒಂದೇ ಫೈಲು ಒಂದು ಕಡೆ ಪಟ್ಟಿ, ಇನ್ನೊಂದು ಕಡೆ ಪ್ಯಾರಾ ಆಗಿ ಕಾಣುವಂತಾಯಿತು. 2014ರಲ್ಲಿ ಜೆಫ್ ಅಟ್‌ವುಡ್, ಜಾನ್ ಮ್ಯಾಕ್‌ಫಾರ್ಲೇನ್ ಮೊದಲಾದವರು ಕಾಮನ್‌ಮಾರ್ಕ್ ಎಂಬ ಖಚಿತ ನಿರೂಪಣೆ ಪ್ರಕಟಿಸಿದರು. ಮ್ಯಾಕ್‌ಫಾರ್ಲೇನ್ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರು. ಭಾಷೆಯ ತತ್ವಶಾಸ್ತ್ರ ಅವರ ಕ್ಷೇತ್ರ ಎಂಬುದು ಆ ನಿರೂಪಣೆ ಓದುವಾಗ ಗೊತ್ತಾಗುತ್ತದೆ. 600ಕ್ಕೂ ಹೆಚ್ಚು ಉದಾಹರಣೆಗಳಿವೆ. ಪ್ರತಿಯೊಂದಕ್ಕೂ ಟೈಪ್ ಮಾಡಿದ್ದು ಇದು, ಬರಬೇಕಾದ್ದು ಇದು ಎಂದು ಜೋಡಿ ಕೊಟ್ಟಿದ್ದಾರೆ. ಒತ್ತು ಕೊಡುವ ಗುರುತುಗಳಿಗೇ, ಎಂದರೆ ನಕ್ಷತ್ರ ಮತ್ತು ಅಂಡರ್‌ಸ್ಕೋರ್‌ಗೇ (_), 17 ನಿಯಮಗಳಿವೆ.

ಕಾಮನ್‌ಮಾರ್ಕ್‌ನ ಮೊದಲ ತೀರ್ಮಾನ ಬಹಳ ದೊಡ್ಡದು: ಎರಡು ಹಂತದಲ್ಲಿ ಓದು. ಮೊದಲ ಸುತ್ತಿನಲ್ಲಿ ಪ್ಯಾರಾ, ಶೀರ್ಷಿಕೆ, ಪಟ್ಟಿ, ಉದ್ಧರಣೆ ಇಷ್ಟನ್ನೇ ಗುರುತಿಸು. ಸಾಲಿನೊಳಗಿನ ನಕ್ಷತ್ರ, ಕೊಂಡಿಗಳ ಕಡೆ ತಲೆ ಎತ್ತಿಯೂ ನೋಡಬೇಡ. ಮನೆಯ ಗೋಡೆ ಎದ್ದ ಮೇಲೆ ಎರಡನೆಯ ಸುತ್ತಿನಲ್ಲಿ ಒಳಗಿನ ಕೆಲಸ. ಹೀಗಾಗಿ ಒಂದು ಪ್ಯಾರಾದಲ್ಲಿ ತೆರೆದ ನಕ್ಷತ್ರ ಇನ್ನೊಂದು ಪ್ಯಾರಾದಲ್ಲಿ ಮುಚ್ಚುವ ಪ್ರಶ್ನೆಯೇ ಏಳುವುದಿಲ್ಲ.

ಆದರೂ ಮೊದಲ ಸುತ್ತಿಗೂ ಅದರದೇ ತಕರಾರುಗಳಿವೆ. ಪ್ಯಾರಾ ಮುಗಿಯಿತೆಂದು ಕೆಳಗೆ ಮೂರು ಅಡ್ಡಗೆರೆ ಎಳೆದರೆ, ನಡುವೆ ಖಾಲಿ ಸಾಲು ಬಿಡದಿದ್ದರೆ, ಇಡೀ ಪ್ಯಾರಾ ದೊಡ್ಡ ಶೀರ್ಷಿಕೆಯಾಗಿ ಕೂರುತ್ತದೆ. ಅಡ್ಡಗೆರೆ ವಿಭಾಗದ ಗುರುತೂ ಹೌದು, ಮೇಲಿನ ಸಾಲು ಶೀರ್ಷಿಕೆ ಎಂಬುದರ ಗುರುತೂ ಹೌದು. ಮೇಲೆ ಪ್ಯಾರಾ ಅಂಟಿಕೊಂಡಿದ್ದರೆ ಎರಡನೆಯ ಅರ್ಥಕ್ಕೆ ಆದ್ಯತೆ. ಇನ್ನೊಂದು, ಸಾಲಿನ ಮೊದಲಲ್ಲಿ ಬೀಳುವ ಅಂಕಿ:

    ಇಂಗ್ಲಿಷಿನಲ್ಲಿ ನಮ್ಮ ಜಿಲ್ಲೆಯ ಹೆಸರಿನ ಕಾಗುಣಿತ ಬದಲಾದ ವರ್ಷ
    2014. ಕನ್ನಡದಲ್ಲಿ ಅದು ಎಂದೂ ಶಿವಮೊಗ್ಗವೇ.

ಎರಡನೆಯ ಸಾಲು ಪಟ್ಟಿಯ 2014ನೆಯ ಅಂಶವೇ? ಕಾಮನ್‌ಮಾರ್ಕ್‌ನ ಉತ್ತರ ನನಗೆ ಬಹಳ ಮೆಚ್ಚುಗೆಯಾಯಿತು: ನಡೆಯುತ್ತಿರುವ ಪ್ಯಾರಾವನ್ನು ತುಂಡರಿಸಿ ಅಂಕಿಯ ಪಟ್ಟಿ ಶುರುವಾಗಬೇಕಾದರೆ ಅದು 1ರಿಂದಲೇ ಶುರುವಾಗಬೇಕು. ಪಟ್ಟಿ ಬರೆಯುವ ಯಾರೂ 2014ರಿಂದ ಎಣಿಸುವುದಿಲ್ಲ. ಜನ ಬರೆಯುವ ರೂಢಿಯನ್ನು ನೋಡಿ ಮಾಡಿದ ನಿಯಮ ಇದು. ಪ್ರಸಂಗಕ್ಕೆ ಬಂದದ್ದರಿಂದ ಹೇಳುತ್ತೇನೆ, ಪಟ್ಟಿಯ ಅಂಕಿ 0ಯಿಂದ 9ರವರೆಗಿನದೇ ಆಗಬೇಕು. ೧, ೨ ಎಂದು ಬರೆದರೆ ಕಾಮನ್‌ಮಾರ್ಕ್ ಅದನ್ನು ಪಟ್ಟಿ ಎಂದು ಗುರುತಿಸುವುದಿಲ್ಲ.

ಈಗ ನಕ್ಷತ್ರ. ಇದು ತೆರೆಯುವ ಗುರುತೋ, ಮುಚ್ಚುವ ಗುರುತೋ, ಎರಡೂ ಆಗಬಲ್ಲದೋ, ಏನೂ ಅಲ್ಲದ ಬರೀ ನಕ್ಷತ್ರವೋ? ಆವರಣ ಚಿಹ್ನೆಗೆ ಎಡ ಬೇರೆ, ಬಲ ಬೇರೆ ಆಕಾರವಿದೆ. ನಕ್ಷತ್ರಕ್ಕೆ ಒಂದೇ ಆಕಾರ. ಅದಕ್ಕಾಗಿ ಪಾರ್ಸರ್ ಅದರ ಎಡ ಮತ್ತು ಬಲದ ನೆರೆಯವರನ್ನು ನೋಡುತ್ತದೆ. ನೆರೆಯಲ್ಲಿ ಮೂರು ಜಾತಿ: ಖಾಲಿ ಜಾಗ, ವಿರಾಮಚಿಹ್ನೆ, ಉಳಿದದ್ದೆಲ್ಲ. ಸಾಲಿನ ಮೊದಲು ಮತ್ತು ಕೊನೆಯನ್ನು ಖಾಲಿ ಜಾಗ ಎಂದೇ ಎಣಿಸಬೇಕು. ಬಲಕ್ಕೆ ಖಾಲಿ ಇದ್ದರೆ ನಕ್ಷತ್ರ ತೆರೆಯಲಾರದು, ಎಡಕ್ಕೆ ಖಾಲಿ ಇದ್ದರೆ ಮುಚ್ಚಲಾರದು. ಎರಡೂ ಕಡೆ ಖಾಲಿ ಇದ್ದರೆ ಅದು ಬರೀ ನಕ್ಷತ್ರ. ನಾನು ಔಷಧಿಯ ಪ್ರಮಾಣವನ್ನು ನಡುವೆ ಜಾಗ ಬಿಟ್ಟು 1 * 1 * 100 ಎಂದು ಬರೆದಿದ್ದರೆ ಅಪ್ಪಯ್ಯನಿಗೆ ನಕ್ಷತ್ರಗಳು ಹಾಗೇ ಕಾಣುತ್ತಿದ್ದವು. ಜಾಗ ಬಿಡದೆ ಬರೆದದ್ದರಿಂದ ಎರಡೂ ನಕ್ಷತ್ರಗಳ ಎರಡೂ ಬದಿಗೆ ಅಂಕಿ ಬಂತು. ಅಂಕಿ ಮೂರನೆಯ ಜಾತಿ, ಆದ್ದರಿಂದ ಎರಡಕ್ಕೂ ತೆರೆಯುವ, ಮುಚ್ಚುವ ಎರಡೂ ಹಕ್ಕು ಬಂದವು. ಮೊದಲನೆಯದು ತೆರೆಯಿತು, ಎರಡನೆಯದು ಮುಚ್ಚಿತು.

ಸಾಲಿನ ನಡುವೆ ನಕ್ಷತ್ರಕ್ಕೆ ಈ ಸ್ವಾತಂತ್ರ್ಯ ಕೊಟ್ಟದ್ದು ನಮ್ಮ ಪಾಲಿಗೆ ಒಳ್ಳೆಯದೇ ಆಯಿತು. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೆ ಅಂಟಿಕೊಂಡೇ ಬರುತ್ತದೆ:

    **ಶಿವಮೊಗ್ಗ**ದಲ್ಲಿ ಇವತ್ತು ಮಳೆ

ಒಂಟಿ ನಕ್ಷತ್ರ ಓರೆಗೆ, ಜೋಡಿ ನಕ್ಷತ್ರ ದಪ್ಪಕ್ಕೆ. ಇಲ್ಲಿ ಎರಡನೆಯ ಜೋಡಿ ನಕ್ಷತ್ರದ ಎಡಕ್ಕೆ "ಗ", ಬಲಕ್ಕೆ "ದ". ಅದು ಮುಚ್ಚಬಲ್ಲದು, ಊರಿನ ಹೆಸರು ಮಾತ್ರ ದಪ್ಪವಾಗುತ್ತದೆ. ಅದೇ ಜಾಗದಲ್ಲಿ ಅಂಡರ್‌ಸ್ಕೋರ್ ಹಾಕಿದರೆ ಆಗುವುದಿಲ್ಲ. ಫೈಲುಗಳ ಹೆಸರಿನಲ್ಲಿ, ಅಡಿಕೆ_ದರ_ಪಟ್ಟಿ ಎಂಬಂತೆ, ಅಂಡರ್‌ಸ್ಕೋರ್ ಪದದ ನಡುವೆ ಬರುವುದರಿಂದ ಪದದೊಳಗೆ ಅದಕ್ಕೆ ಒತ್ತು ಕೊಡುವ ಹಕ್ಕನ್ನು ಕಾಮನ್‌ಮಾರ್ಕ್ ತೆಗೆದುಹಾಕಿದೆ. ಕನ್ನಡ ಬರೆಯುವವರು ನಕ್ಷತ್ರಕ್ಕೇ ಅಂಟಿಕೊಳ್ಳುವುದು ವಾಸಿ.

ಇಲ್ಲಿ ಪಾರ್ಸರ್ ಬರೆಯುವವರಿಗೆ ಒಂದು ಹೊಂಡ ಇದೆ. ನಾನು ಅದಕ್ಕೆ ಬಿದ್ದು ಎದ್ದವನು. "ಎಡಕ್ಕೆ ಅಕ್ಷರ ಇದೆಯೇ" ಎಂದು ನನ್ನ ಮೊದಲ ಪ್ರೋಗ್ರಾಮು ಕೇಳುತ್ತಿತ್ತು. ಶಿವಮೊಗ್ಗ ಸರಿಬಂತು, ಅಡಿಕೆ ಸರಿಬರಲಿಲ್ಲ. ಒಂದು ಸಂಜೆಯೆಲ್ಲ ಹೋಯಿತು. ಕಾರಣ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ, ವರ್ಗ ಕೊಡುವ ಯೂನಿಕೋಡಿನಲ್ಲಿದೆ. "ಗ" ಎಂಬುದು ಅಲ್ಲಿ ಅಕ್ಷರ ವರ್ಗಕ್ಕೆ ಸೇರಿದೆ. "ಅಡಿಕೆ"ಯ ಕೊನೆಯಲ್ಲಿರುವ ಎತ್ವದ ಚಿಹ್ನೆ ಯೂನಿಕೋಡಿನ ಲೆಕ್ಕದಲ್ಲಿ ಅಕ್ಷರವಲ್ಲ, ಅಕ್ಷರಕ್ಕೆ ಕೂಡುವ ಗುರುತು. ಇಳಿ, ಕೊಂಬು, ಅರ್ಧಾಕ್ಷರದ ಕೊನೆಯ ಚಿಹ್ನೆ ಎಲ್ಲವೂ ಹಾಗೇ. ಕಾಮನ್‌ಮಾರ್ಕ್ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ: ಇದು ಖಾಲಿಯೇ? ವಿರಾಮಚಿಹ್ನೆಯೇ? ಎರಡೂ ಅಲ್ಲವಾದರೆ ಏನಾದರೂ ಇರಲಿ, ಪದದ ಭಾಗ. ಪ್ರಶ್ನೆ ಹಾಗೆ ಕೇಳಿದ್ದರಿಂದಲೇ ನಮ್ಮ ಕಾಗುಣಿತ ಉಳಿಯಿತು.

ಎರಡನೆಯ ಬಗೆಯ ದ್ವಂದ್ವಕ್ಕೆ, ಯಾವುದು ಯಾವುದರೊಳಗೆ ಎಂಬುದಕ್ಕೆ, ಬೇರೆಯೇ ಉಪಾಯ ಬೇಕು. ಈ ಸಾಲನ್ನು ಎಡದಿಂದ ಓದುತ್ತ ಬನ್ನಿ:

    ***ರಾಶಿ** ಮತ್ತು ಬೆಟ್ಟೆ*

ಮೊದಲ ಮೂರು ನಕ್ಷತ್ರ ಕಂಡಾಗ, ದಪ್ಪ ಹೊರಗೋ ಓರೆ ಹೊರಗೋ ಎಂದು ಹೇಳಲು ಸಾಧ್ಯವೇ ಇಲ್ಲ. ಅದು ತಿಳಿಯುವುದು ಮುಂದೆ. ಆದ್ದರಿಂದ ಪಾರ್ಸರ್ ಆಗಲೇ ತೀರ್ಮಾನಿಸುವುದಿಲ್ಲ. ಊಟದ ಮನೆಯಲ್ಲಿ ಹಾಳೆತಟ್ಟೆಗಳನ್ನು ಒಂದರ ಮೇಲೊಂದು ಇಡುವಂತೆ, ಜೋಡಿ ಸಿಗದ ಗುರುತುಗಳನ್ನು ಒಂದು ಅಡಕಲಿನಲ್ಲಿ ಇಡುತ್ತ ಹೋಗುತ್ತದೆ. "ಮೂರು ನಕ್ಷತ್ರ, ತೆರೆಯಬಲ್ಲದು" ಎಂದು ಒಂದು ತಟ್ಟೆ. ಮುಂದೆ "ರಾಶಿ" ಆದ ಮೇಲೆ ಎರಡು ನಕ್ಷತ್ರ: ಎಡಕ್ಕೆ ಪದ, ಬಲಕ್ಕೆ ಖಾಲಿ, ಮುಚ್ಚುವುದು ಮಾತ್ರ. ಅಡಕಲಿನ ಮೇಲಿನ ತಟ್ಟೆ ನೋಡಿದರೆ ಅಲ್ಲಿ ಮೂರಿವೆ. ಎರಡೂ ಕಡೆ ಕನಿಷ್ಠ ಎರಡಿರುವುದರಿಂದ ಎರಡನ್ನು ತೆಗೆದು "ರಾಶಿ"ಯನ್ನು ದಪ್ಪ ಮಾಡುತ್ತದೆ. ತಟ್ಟೆಯಲ್ಲಿ ಒಂದು ನಕ್ಷತ್ರ ಉಳಿಯಿತು. ಸಾಲಿನ ಕೊನೆಯ ಒಂಟಿ ನಕ್ಷತ್ರ ಬಂದು ಅದರ ಜೊತೆ ಸೇರಿದಾಗ ಇಡೀ ಸಾಲು ಓರೆಯಾಗುತ್ತದೆ. ಎಲ್ಲೂ ಊಹಿಸಲಿಲ್ಲ, ಹಿಂದೆ ಹೋಗಿ ತಿದ್ದಲೂ ಇಲ್ಲ.

ಗುರುತುಗಳು ಒಂದನ್ನೊಂದು ಹಾಯ್ದರೆ?

    *ರಾಶಿ _ಬೆಟ್ಟೆ* ಸರಕು_

ಮುಚ್ಚುವ ನಕ್ಷತ್ರ ಬಂದಾಗ ಅಡಕಲಿನ ಮೇಲಿರುವುದು ಅಂಡರ್‌ಸ್ಕೋರ್, ಅದರ ಕೆಳಗೆ ನಕ್ಷತ್ರ. ಪಾರ್ಸರ್ ಕೆಳಗಿನ ತನ್ನ ಜೋಡಿಯನ್ನು ಹಿಡಿದು, ನಡುವೆ ಸಿಕ್ಕಿದ ಅಂಡರ್‌ಸ್ಕೋರನ್ನು ಬರೀ ಅಕ್ಷರವೆಂದು ಬಿಟ್ಟುಬಿಡುತ್ತದೆ. ಕೊನೆಯ ಅಂಡರ್‌ಸ್ಕೋರ್ ಬರುವ ಹೊತ್ತಿಗೆ ಅದರ ಸಂಗಾತಿ ಅಡಕಲಿನಲ್ಲಿಲ್ಲ, ಅದೂ ಅಕ್ಷರವಾಗಿ ಉಳಿಯುತ್ತದೆ. ಮೊದಲು ಮುಗಿದದ್ದಕ್ಕೆ ಆದ್ಯತೆ ಎಂಬ ಒಪ್ಪಂದ ಇದು.

ಜೋಡಿ ಸಿಗದ ಗುರುತು ಸಾವಿರ ಇದ್ದರೆ ಪ್ರತಿಸಲ ಅಡಕಲಿನ ತಳದವರೆಗೆ ಹುಡುಕಬೇಕಲ್ಲ ಎನ್ನಿಸಬಹುದು. ಒಮ್ಮೆ ಹುಡುಕಿ ಸಿಗದಿದ್ದರೆ "ಇಂಥ ಮುಚ್ಚುಗುರುತಿಗೆ ಇಲ್ಲಿಂದ ಕೆಳಗೆ ಜೋಡಿ ಇಲ್ಲ" ಎಂದು ಗುರುತು ಹಾಕಿಡುತ್ತಾರೆ. ಮುಂದಿನ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. ಯಾರೋ ಬೇಕೆಂದೇ ನಕ್ಷತ್ರಗಳನ್ನು ಸುರಿದ ಫೈಲು ಕೊಟ್ಟರೂ ಪ್ರೋಗ್ರಾಮು ಕಟ್ಟಿಹಾಕಿದಂತೆ ನಿಲ್ಲದಿರುವುದು ಇದರಿಂದ.

ಇಷ್ಟೆಲ್ಲ ಅಚ್ಚುಕಟ್ಟಾದ ನಿಯಮ ಕನ್ನಡದ ಒಂದು ಜಾಗದಲ್ಲಿ ಸೋಲುತ್ತದೆ. ವಿರಾಮಚಿಹ್ನೆಯ ವಿಷಯ ಮೇಲೆ ಅರ್ಧ ಬಿಟ್ಟಿದ್ದೆ. ನಕ್ಷತ್ರದ ಎಡಕ್ಕೆ ವಿರಾಮಚಿಹ್ನೆ ಇದ್ದರೆ, ಅದು ಮುಚ್ಚಬೇಕಾದರೆ ಬಲಕ್ಕೆ ಖಾಲಿ ಅಥವಾ ಇನ್ನೊಂದು ವಿರಾಮಚಿಹ್ನೆ ಇರಲೇಬೇಕು. ಇಂಗ್ಲಿಷಿಗೆ ಇದು ಸಹಜ: ಪದ, ಅದರ ಉದ್ಧರಣ ಚಿಹ್ನೆ, ಆಮೇಲೆ ಜಾಗ. ನಾವು ಬರೆಯುವುದು ಹೀಗೆ:

    **ಎ.ಪಿ.ಎಂ.ಸಿ.**ಯಲ್ಲಿ ವಿಚಾರಿಸಿ
    ಕೂಲಿ **500/-**ಕ್ಕೆ ಒಪ್ಪಿದ್ದಾರೆ
    **"ಗೊರಬಲು"**ವನ್ನು ಬೇರೆ ಇಡಿ

ಮೂರೂ ಕೆಡುತ್ತವೆ. ಮೊದಲ ಸಾಲಿನಲ್ಲಿ ಎರಡನೆಯ ಜೋಡಿಯ ಎಡಕ್ಕೆ ಚುಕ್ಕಿ, ಬಲಕ್ಕೆ "ಯ". ಎಡಕ್ಕೆ ವಿರಾಮಚಿಹ್ನೆ, ಬಲಕ್ಕೆ ಪದ ಕಂಡ ಪಾರ್ಸರ್ ಇದು ಮುಚ್ಚುವ ಗುರುತೇ ಅಲ್ಲ, ತೆರೆಯುವ ಗುರುತು ಎಂದು ತೀರ್ಮಾನಿಸುತ್ತದೆ. ಅಡಕಲಿನಲ್ಲಿ ಎರಡು ತಟ್ಟೆ ಕೂರುತ್ತವೆ, ಮುಚ್ಚುವುದು ಯಾವುದೂ ಬರುವುದಿಲ್ಲ, ಪುಟದಲ್ಲಿ ನಾಲ್ಕೂ ನಕ್ಷತ್ರ ಬೆತ್ತಲೆ ಕಾಣುತ್ತವೆ. ಬರೆದವರು ತಾವೇ ಏನೋ ತಪ್ಪಿದೆವು ಎಂದುಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ. ಪದಗಳ ನಡುವೆ ಜಾಗ ಬಿಡದ ಚೀನೀ, ಜಪಾನಿ ಬರಹಗಾರರಿಗೂ ಇದೇ ತೊಂದರೆ.

ಬರೆಯುವವರ ಕೈಯಲ್ಲಿ ಆಗುವುದಿಷ್ಟು: ಉದ್ಧರಣ ಚಿಹ್ನೆಯನ್ನು ನಕ್ಷತ್ರದ ಹೊರಗಿಡಿ, "**ಗೊರಬಲು**"ವನ್ನು ಎಂದು. ಆಗ ಮುಚ್ಚುವ ನಕ್ಷತ್ರದ ಎಡಕ್ಕೆ ಪದ ಬರುತ್ತದೆ, ಸರಿಹೋಗುತ್ತದೆ. ಎ.ಪಿ.ಎಂ.ಸಿ.ಯಂಥದ್ದಕ್ಕೆ ಪ್ರತ್ಯಯವನ್ನೂ ದಪ್ಪದೊಳಗೆ ಸೇರಿಸಿಬಿಡಿ, ಅಥವಾ ಕೊನೆಯ ಚುಕ್ಕಿ ಬಿಡಿ. ನಕ್ಷತ್ರಕ್ಕೆ ಮುಂಚೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಚಿಹ್ನೆಯನ್ನು, "ಸಾಫ್ಟ್‌ವೇರ್" ಬರೆಯುವಾಗ ಒತ್ತಕ್ಷರ ಬಿಡಿಸಲು ಬಳಸುವುದನ್ನು, ತೂರಿಸಿದರೂ ಕೆಲಸ ಆಗುತ್ತದೆ. ಅದು ಖಾಲಿಯೂ ಅಲ್ಲ, ವಿರಾಮಚಿಹ್ನೆಯೂ ಅಲ್ಲ. ಆದರೆ ಅದನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ಕಾಣದ ಅಕ್ಷರ ಫೈಲಿನಲ್ಲಿ ಉಳಿದರೆ ನಾಳೆ ಹುಡುಕುವಾಗ ಪದ ಸಿಗುವುದಿಲ್ಲ.

ಮ್ಯಾಕ್‌ಫಾರ್ಲೇನ್ ಅವರೇ 2022ರಲ್ಲಿ ಜಾಟ್ ಎಂಬ ಹೊಸ ಪದ್ಧತಿ ತಂದು ಈ 17 ನಿಯಮಗಳ ಹೊರೆ ಇಳಿಸಿದರು. ಅಲ್ಲಿ ತೆರೆಯುವ ಗುರುತಿನ ಬಲಕ್ಕೆ, ಮುಚ್ಚುವ ಗುರುತಿನ ಎಡಕ್ಕೆ ಖಾಲಿ ಇರಬಾರದು, ಅಷ್ಟೇ. ವಿರಾಮಚಿಹ್ನೆಯ ಷರತ್ತೇ ಇಲ್ಲ. ಅನುಮಾನವಿದ್ದರೆ ನಕ್ಷತ್ರಕ್ಕೆ ಪುಷ್ಪಾವರಣ ಸೇರಿಸಿ ಇದು ತೆರೆಯುವುದು, ಇದು ಮುಚ್ಚುವುದು ಎಂದು ಬರೆದವರೇ ಹೇಳಬಹುದು. ನಮ್ಮ ಪ್ರತ್ಯಯಗಳಿಗೆ ಅದು ಹೆಚ್ಚು ಒಗ್ಗುತ್ತದೆ. ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಇನ್ನೊಂದು ಗುರುತು ಪದ್ಧತಿ ಇದಕ್ಕೆ ತದ್ವಿರುದ್ಧ: ಮುಚ್ಚಿದ ಮೇಲೆ ಜಾಗ ಅಥವಾ ವಿರಾಮಚಿಹ್ನೆ ಬೇಕೇ ಬೇಕು, ಇಲ್ಲವಾದರೆ ಪ್ರತಿ ಪ್ರತ್ಯಯಕ್ಕೂ ಮುಂಚೆ ಒಂದು ಹಿಂಗೆರೆ (\) ಮತ್ತು ಜಾಗ ಹಾಕಬೇಕು. ಅದರಲ್ಲಿ ಕನ್ನಡ ಬರೆಯುವುದು ಕಲ್ಲುದಾರಿಯಲ್ಲಿ ಸೈಕಲ್ ತುಳಿದ ಹಾಗೆ.

ನನ್ನ ಪ್ರೋಗ್ರಾಮಿನಲ್ಲಿ ಕಾಮನ್‌ಮಾರ್ಕ್ ನಿಯಮಗಳನ್ನೇ ಇಟ್ಟುಕೊಂಡು ಎರಡು ಮಾತ್ರ ಸೇರಿಸಿದೆ. ಒಂದು, ನಕ್ಷತ್ರದ ಎಡಬಲ ಎರಡೂ ಅಂಕಿಯಾದರೆ ಅದು ಬರೀ ನಕ್ಷತ್ರ. ಇದರಿಂದ ಸಂಖ್ಯೆಯ ನಡುವಿನ ಒಂದೇ ಅಂಕಿಯನ್ನು ದಪ್ಪ ಮಾಡಲು ಇನ್ನು ಆಗುವುದಿಲ್ಲ, ಆ ನಷ್ಟ ನನಗೆ ಒಪ್ಪಿಗೆ. ಎರಡು, ಎಡಕ್ಕೆ ವಿರಾಮಚಿಹ್ನೆ, ಬಲಕ್ಕೆ ಕನ್ನಡದ ಅಕ್ಷರ ಇದ್ದು, ಅಷ್ಟೇ ಸಂಖ್ಯೆಯ ನಕ್ಷತ್ರ ಅಡಕಲಿನಲ್ಲಿ ಜೋಡಿಗೆ ಕಾದಿದ್ದರೆ, ಮುಚ್ಚು. ಕಾದಿರುವುದು ಇರಬೇಕು ಎಂಬ ಷರತ್ತು ಮುಖ್ಯ. ಅದಿಲ್ಲದಿದ್ದರೆ "ಎಂದರು:**ಬೇಡ**" ಎಂಬಲ್ಲಿ ತೆರೆಯಬೇಕಾದದ್ದು ಮುಚ್ಚಲು ಹೋಗಿ ಕೆಡುತ್ತದೆ. ಈ ಎರಡನೆಯ ನಿಯಮ ಎಲ್ಲ ಕಡೆಯೂ ಸರಿ ಎಂದು ನಾನು ಹೇಳಲಾರೆ. ಒಂದು ಪ್ಯಾರಾದಲ್ಲಿ ಯಾರೋ ಮುಚ್ಚಲು ಮರೆತ ನಕ್ಷತ್ರವಿದ್ದರೆ ಅದು ದೂರದ ಇನ್ನೊಂದಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ಅದನ್ನೂ ಒಂದು ಉದಾಹರಣೆಯಾಗಿ ಬರೆದಿಟ್ಟಿದ್ದೇನೆ.

ನಿಯಮಕ್ಕಿಂತ ಹೆಚ್ಚು ಹೊತ್ತು ಹೋದದ್ದು ಉದಾಹರಣೆಗಳಿಗೇ. ವಿಭಕ್ತಿಗೊಂದರಂತೆ, ಅನ್ನು, ಇಂದ, ಗೆ, ಅಲ್ಲಿ ಎಲ್ಲವನ್ನೂ, ಚುಕ್ಕಿ, ಉದ್ಧರಣ, ಆವರಣ, ಶೇಕಡಾ ಚಿಹ್ನೆಗಳ ಮುಂದೆ ಇಟ್ಟು ಬರಬೇಕಾದ್ದನ್ನು ಎದುರಿಗೆ ಬರೆದೆ. ಕನ್ನಡ ಓದುವ ಪಾರ್ಸರ್ ಯಾರು ಬರೆದರೂ ಈ ಕೆಲಸ ಮಾಡಲೇಬೇಕು. ನಮ್ಮ ಪ್ರತ್ಯಯ ಎಲ್ಲಿ ಅಂಟುತ್ತದೆ ಎಂದು ನಮಗೆ ಗೊತ್ತಿರುವಷ್ಟು ಹೊರಗಿನವರಿಗೆ ಗೊತ್ತಿರುವುದಿಲ್ಲ. ಆ ಫೈಲಿನ ಮೊದಲ ಸಾಲು ಮಾತ್ರ 1*1*100.

ಎರಡನೆಯ ಸುತ್ತಿನ ಔಷಧಿಯ ಹೊತ್ತಿಗೆ ಪುಟ ಸರಿಯಾಗಿತ್ತು. ಅಪ್ಪಯ್ಯ ಜಗಲಿಯಲ್ಲಿ ಕೂತು ಆ ಸಾಲು ಓದಿ, ಫೋನಿನಿಂದ ತಲೆ ಎತ್ತಿ ಕೇಳಿದರು: "ಸುಣ್ಣ ತರಿಸಿದ್ಯಾ?"